ಮುಚ್ಚಿದ ಬಾಗಿಲ ಹಿಂದಿನ ಎಡೆ

ಆ ಚಳಿಗಾಲದಲ್ಲಿ ಕಲ್ಕತ್ತೆಯ ಅಲಿಪುರದ ಆಫೀಸು ಮುಗಿಸಿ ಟಾಲಿಗಂಜಿನ ನಮ್ಮ ಫ್ಲಾಟಿಗೆ ಬಂದಾಗಲೆಲ್ಲ ಬಾಗಿಲಲ್ಲೇ ಏಲಕ್ಕಿ, ತುಪ್ಪದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಬೆಲ್ಲ, ಸಕ್ಕರೆ ಹೊಸ್ತಿಲು ದಾಟಬಾರದೆಂದು ನಾನೇ ಕಟ್ಟಪ್ಪಣೆ ಮಾಡಿದ್ದ ಮನೆ ಅದು. ಒಲೆ ತಣ್ಣಗಿರುತ್ತಿತ್ತು, ಪಾತ್ರೆಗಳು ತೊಳೆದು ಬೋರಲು ಹಾಕಿರುತ್ತಿದ್ದವು. ಅವ್ವನ ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ ಮಾತ್ರ ದಿನದಿನಕ್ಕೆ ಏರುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಧಾರವಾಡದಿಂದ ಕರೆತಂದಿದ್ದೆ. ನಾನು ಒಬ್ಬಳೇ ಮಗಳು, ಮದುವೆ ಮಕ್ಕಳ ಗೋಜಿಗೆ ಹೋದವಳಲ್ಲ. ಅವಳ ಸಕ್ಕರೆ ಕಾಯಿಲೆ ಹಳೆಯದು. ಮರೆವು ಇಲ್ಲಿಗೆ ಬಂದ ಮೇಲೆ ಸೇರಿಕೊಂಡಿತು. ಮೊದಲು ಕನ್ನಡಕ ಇಟ್ಟ ಜಾಗ, ಆಮೇಲೆ ಬಚ್ಚಲಿನ ದಾರಿ, ಆಮೇಲೆ ಈಗಷ್ಟೇ ಊಟ ಮಾಡಿದ್ದು. ಅಲ್ಝೈಮರ್ ಎಂದರು ಡಾಕ್ಟರು. ಬಹುಕಾಲದ ಸಕ್ಕರೆ, ಬಿಪಿ, ಕೂತಲ್ಲೇ ಕೂರುವುದು, ಕೆಟ್ಟ ನಿದ್ದೆ ಇವೆಲ್ಲ ಇದರ ಅಪಾಯವನ್ನು ಹೆಚ್ಚಿಸಬಹುದು, ಆದರೆ ಇದರಿಂದಲೇ ಬಂತೆಂದು ಬೆರಳು ಮಾಡಿ ತೋರಿಸಲಾಗದು ಎಂದರು. ಮಿದುಳು ಬದುಕುವುದೂ ಸಕ್ಕರೆಯ ಮೇಲೆಯೇ ಅಂತೆ. ಈ ಕಾಯಿಲೆ ಹಿಡಿದ ಮಿದುಳಿಗೆ, ರಕ್ತದಲ್ಲಿ ಬೇಕಾದಷ್ಟಿದ್ದರೂ ಅದನ್ನು ಸರಿಯಾಗಿ ಬಳಸಿಕೊಳ್ಳಲು ಆಗುವುದಿಲ್ಲವಂತೆ. ಎಡೆ ಇಟ್ಟರೂ ಉಣ್ಣಲಾರದ ಸತ್ತವರ ಹಾಗೆ ಎಂದುಕೊಂಡೆ.

ಪಥ್ಯ, ನಡಿಗೆ, ನಿದ್ದೆ ಸರಿಯಿದ್ದರೆ ಹೋದದ್ದು ತಿರುಗಿ ಬರದಿದ್ದರೂ ಉಳಿದದ್ದು ಸ್ವಲ್ಪ ಕಾಲ ನಿಂತೀತು ಎಂದು ಡಾಕ್ಟರು ಹೇಳಿದರು. ಉಳಿದದ್ದು ಅಂದರೆ ಇನ್ನೇನು, ನಾನು. ಅವಳು ಇನ್ನೂ ನನ್ನನ್ನು ಗುರುತಿಸುತ್ತಿದ್ದಳು. ಅದೊಂದನ್ನು ಮಾತ್ರ ಬಿಟ್ಟುಕೊಡುವುದಿಲ್ಲವೆಂದು ಹಟ ಹಿಡಿದೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಎರಡನೆಯದು ನನಗೆ ಹುಟ್ಟಿನಿಂದಲೇ ಬಂದಿಲ್ಲ, ಮೊದಲನೆಯದನ್ನಾದರೂ ಸಾಧಿಸೋಣವೆಂದು ಹೊರಟೆ. ಜೋಳದ ರೊಟ್ಟಿ, ಮೆಂತ್ಯದ ಪಲ್ಯ, ಹೆಸರುಕಾಳು. ಬೆಳಿಗ್ಗೆ ಕೈ ಹಿಡಿದು ನಮ್ಮ ಓಣಿಯ ಕೆರೆಯ ಸುತ್ತ ನಡೆಸುತ್ತಿದ್ದೆ. ಎದುರಿನ ಸಿಹಿತಿಂಡಿ ಅಂಗಡಿಯವನು ಅವಳನ್ನು ಮಾಶಿಮಾ, ಚಿಕ್ಕಮ್ಮ ಎಂದು ಪ್ರೀತಿಯಿಂದ ಕರೆದರೆ ಅವನನ್ನು ಕಣ್ಣಲ್ಲೇ ಸುಡುತ್ತಿದ್ದೆ. ಹಗಲು ಅವ್ವನ ಜೊತೆಗಿರಲು ಕೆಲಸದ ಹೆಂಗಸೊಬ್ಬಳು ಬರುತ್ತಿದ್ದಳು, ಅವಳನ್ನು ಮಾಶಿ ಎಂದೇ ಕರೆಯುತ್ತಿದ್ದೆ. ಅವಳಿಗೆ ಕನ್ನಡ ಬಾರದು, ಅವ್ವನಿಗೆ ಬಂಗಾಲಿ ಬಾರದು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ದಿನವಿಡೀ ಹರಟೆ ಹೊಡೆಯುತ್ತಿದ್ದರು.

ಇಷ್ಟೆಲ್ಲ ಮಾಡಿದರೂ ಆ ವಾಸನೆ. ಒಂದು ಸಂಜೆ ನಡುವಿನ ಕೋಣೆಯ ಬಾಗಿಲು ಮುಚ್ಚಿತ್ತು. ಅಪ್ಪನ ಫೋಟೊ ಒಂದನ್ನು ಬಿಟ್ಟರೆ ಆ ಕೋಣೆಯಲ್ಲಿ ಏನೂ ಇರಲಿಲ್ಲ. ತೆಗೆಯಲು ಹೋದರೆ ಅವ್ವ ಅಡ್ಡ ಬಂದು ಪಿಸುಗುಟ್ಟಿದಳು, “ಒಳಗ ಮಂದಿ ಅದಾರ, ಗದ್ದಲಾ ಮಾಡಬ್ಯಾಡ್ರಿ.” ನನಗೆ ‘ರಿ’ ಹಚ್ಚಿ ಮಾತಾಡಿದ್ದನ್ನು ಕೇಳಿಯೂ ಕೇಳದವಳಂತೆ ಇದ್ದುಬಿಟ್ಟೆ. ಆ ರಾತ್ರಿ ಮಲಗಿದಾಗ ಗೋಡೆಯ ಆಚೆ ಯಾರೋ ಉಸಿರಾಡಿದಂತಾಯಿತು. ನಾನು ಅಂಜುಬುರುಕಿಯಲ್ಲ, ಆದರೂ ದೀಪ ಆರಿಸಲಿಲ್ಲ.

ಜ್ವರ ಬಂದು ಮಧ್ಯಾಹ್ನವೇ ಮನೆಗೆ ಬಂದ ದಿನ ಎಲ್ಲ ತಿಳಿಯಿತು. ಮುಚ್ಚಿದ ಬಾಗಿಲಿಗೆ ಬೆನ್ನು ಮಾಡಿ ಅವ್ವ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮಾಶಿ ತಲೆಯ ಮೇಲೆ ಸೆರಗು ಹೊದ್ದು ಕೈ ಮುಗಿದಿದ್ದಳು. ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ, ಹಿರಿಯರ ಅಮಾವಾಸ್ಯೆಯ ದಿನ, ಹೀಗೆ ನಡೆಯುತ್ತಿತ್ತು. ಸತ್ತವರಿಗೆ ಪ್ರೀತಿಯಾದದ್ದನ್ನು ಮಾಡಿ ಎಡೆ ಇಡುವುದು, ಅವರು ನಾಚದೆ ಉಣ್ಣಲೆಂದು ಬಾಗಿಲು ಹಾಕಿ ಹೊರಗೆ ಕಾಯುವುದು. ತೆಗೆಯುವ ಮುನ್ನ ಬಾಗಿಲು ಬಡಿದು, ಊಟ ಆಯಿತೇ ಎಂದು ಕೇಳುವುದು. ಆಮೇಲೆ ಆ ಎಲೆಯದನ್ನು ಮನೆಯವರು ಪ್ರಸಾದವೆಂದು ಉಣ್ಣುವುದು.

ಅವ್ವ ಎದ್ದು, ಬಡಿದು, ಕೇಳಿ, ಬಾಗಿಲು ತೆಗೆದಳು. ಒಳಗೆ ಎರಡು ಬಾಳೆಲೆ, ಎರಡರ ಮೇಲೂ ಹೋಳಿಗೆ. ಒಂದು ಎಲೆ ಅಪ್ಪನ ಫೋಟೊದ ಮುಂದಿತ್ತು. ಇನ್ನೊಂದರ ಮುಂದೆ ನನ್ನ ಫೋಟೊ, ಎರಡು ಜಡೆ ಹಾಕಿಕೊಂಡು ಕಾಲೇಜಿಗೆ ಹೋಗುತ್ತಿದ್ದಾಗಿನದು. ಅದಕ್ಕೆ ಚೆಂಡು ಹೂವಿನ ಹಾರ ಹಾಕಿತ್ತು.

“ಇದು ಯಾರಿಗೆ ಅವ್ವಾ?”

“ನನ್ನ ಮಗಳಿಗೆ ರೀ. ಕಲ್ಕತ್ತಾಕ ಹೋದಾಕಿ, ತಿರುಗಿ ಬರಲೇ ಇಲ್ಲ. ಹೋಳಗಿ ಅಂದ್ರ ಜೀವಾ ಬಿಡ್ತಿದ್ಲು.” ಆಮೇಲೆ ನನ್ನ ಮುಖ ನೋಡಿ, “ಬಿಸಲಾಗ ಬಂದೀರಿ, ಕೂಡ್ರಿ ಬಾಯಾರ,” ಅಂದಳು.

ಯಾರೋ ಟೀಚರಮ್ಮನನ್ನು ಕರೆದಂತೆ ಬಾಯಾರ ಅಂದಳು ನನ್ನ ಅವ್ವ. ನಾನು ನೋಡುತ್ತಿದ್ದಂತೆಯೇ ಅವಳು ಎರಡೂ ಎಲೆಯ ಹೋಳಿಗೆಯನ್ನು ಶ್ರದ್ಧೆಯಿಂದ ತಿಂದು ಮುಗಿಸಿದಳು.

ಮಾಶಿಯ ಮೇಲೆ ಹರಿಹಾಯ್ದೆ. ದಿನಾ ಹೀಗೆಯೇ ಎಂದು ಅವಳು ಅಳುತ್ತಾ ಹೇಳಿದಳು. ಕೆಲವು ದಿನ ಎರಡೆರಡು ಸಲವೂ ಆಗುತ್ತಿತ್ತಂತೆ. ಹೋಳಿಗೆ ಅವ್ವನೇ ತಟ್ಟುತ್ತಿದ್ದಳಂತೆ, ಇವಳು ಬೆಲ್ಲ ತಂದುಕೊಟ್ಟು ಪಾತ್ರೆ ತೊಳೆದಿಡುತ್ತಿದ್ದಳಂತೆ. ನಿಮ್ಮ ಕಡೆ ಸತ್ತವರಿಗೆ ದಿನವೂ ಪೂಜೆ ಇರುತ್ತದೇನೋ ಅಂದುಕೊಂಡೆ, ಪೂಜೆಗೆ ಬೆಲ್ಲ ತರುವುದಿಲ್ಲ ಅನ್ನಲು ನಾನು ಯಾರು ದೀದಿ ಎಂದಳು. ಈ ಮನೆಯಲ್ಲಿ ಸಕ್ಕರೆ ಕಾಯಿಲೆಗಿಂತ ದೊಡ್ಡ ದೇವರಿಲ್ಲ ಎಂದು ಕೂಗಿ, ಇದ್ದ ಬೆಲ್ಲವನ್ನೆಲ್ಲ ಕಸದ ಬುಟ್ಟಿಗೆ ಸುರಿದೆ.

ಮರುದಿನ ಅವ್ವ ಅನ್ನ ಮುಟ್ಟಲಿಲ್ಲ. ಸತ್ತವರು ಉಪವಾಸವಿರುವಾಗ ತಾನು ಹೇಗೆ ಉಣ್ಣಲಿ ಎಂದು ಬಾಗಿಲ ಮುಂದೆ ಕೂತುಬಿಟ್ಟಳು. ಸಕ್ಕರೆ ಇಳಿಸುವ ಬೆಳಗಿನ ಮಾತ್ರೆ ಹೊಟ್ಟೆಗೆ ಹೋಗಿತ್ತು, ಊಟ ಹೋಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಕ್ಕರೆ ತೀರ ಕುಸಿದು ಬೆವೆತು ನಡುಗತೊಡಗಿದಳು. ಮಾಶಿ ಓಡಿಹೋಗಿ ಎದುರಿನ ಅಂಗಡಿಯಿಂದ ರಸಗುಲ್ಲದ ಪಾಕ ತಂದಳು. ಯಾವ ಕೈಯಿಂದ ಬೆಲ್ಲ ಚೆಲ್ಲಿದ್ದೆನೋ ಅದೇ ಕೈಯಿಂದ ಚಮಚ ಚಮಚವಾಗಿ ಕುಡಿಸಿದೆ. ಅವಳ ಕಣ್ಣು ಅಲುಗಾಡದೆ ಮುಚ್ಚಿದ ಬಾಗಿಲನ್ನೇ ನೋಡುತ್ತಿತ್ತು. ಅಂಥ ಭಯ ನನ್ನ ಜನ್ಮದಲ್ಲಿ ಪಟ್ಟಿರಲಿಲ್ಲ.

ಆಮೇಲೆ ಸೋತೆ. ಈಗ ನಮ್ಮಲ್ಲಿ ದಿನವೂ ಅಮಾವಾಸ್ಯೆ. ಎಡೆಯನ್ನು ನಾನು ಆಫೀಸಿಗೆ ಹೊರಡುವ ಮುಂಚಿನ ಹೊತ್ತಿಗೆ ಬದಲಿಸಿದ್ದೇನೆ. ಅವಳಿಗೆ ಯಾವ ಹೊತ್ತಾದರೂ ಒಂದೇ. ಅವಳು ಬಾಗಿಲು ಹಾಕಿದ ಕೂಡಲೇ ನಾನು ಅಡಿಗೆಮನೆಯಿಂದ ಬಾಲ್ಕನಿಗೆ ದಾಟಿ, ಆ ಕಡೆಯ ಬಾಗಿಲಿಂದ ಕೋಣೆಯೊಳಗೆ ಹೋಗುತ್ತೇನೆ. ಅಪ್ಪನ ಪಾಲನ್ನೂ ನನ್ನ ಪಾಲನ್ನೂ ತಿಂದು ಎಲೆ ಬರಿದು ಮಾಡುತ್ತೇನೆ. ಬರಿದಾದ ಎಲೆ ಕಂಡರೆ ಅವಳು ನಿಶ್ಚಿಂತೆಯಿಂದ ತನ್ನ ರೊಟ್ಟಿ ಪಲ್ಯ ಉಣ್ಣುತ್ತಾಳೆ. ಹಗಲಲ್ಲಿ ಮತ್ತೆ ಎಡೆ ಇಡಲು ಹೊರಟರೆ ಮಾಶಿ ಆ ಎಲೆಗಳನ್ನೇ ತೋರಿಸುತ್ತಾಳೆ. ಅವಳ ಸಕ್ಕರೆ ಇಳಿದಿದೆ. ನನ್ನದು ಗಡಿಯಲ್ಲಿ ಬಂದು ನಿಂತಿದೆ, ತಾಯಿಗಿದ್ದದ್ದು ಮಗಳಿಗೂ ಬರಬಹುದು, ಜೋಪಾನ ಎಂದು ಡಾಕ್ಟರು ಗದರಿದ್ದಾರೆ. ಅದಕ್ಕೇ ಈಗ ಹೋಳಿಗೆ ಅಂಗೈಯ ಅರ್ಧದಷ್ಟು, ಬೆಲ್ಲ ಹೆಸರಿಗಷ್ಟೇ. ಸತ್ತವಳಿಗೂ ಪಥ್ಯ ತಪ್ಪಲಿಲ್ಲ ನೋಡಿ.

ಆ ಕೋಣೆಯಲ್ಲಿ ಕೂತು ತಿನ್ನುವಾಗ ಹಾರ ಹಾಕಿದ ನನ್ನ ಮುಖ ಎದುರಿಗಿರುತ್ತದೆ. ಒಂದು ದಿನ ನನಗೂ ಈ ಹುಡುಗಿ ಯಾರೆಂದು ತಿಳಿಯದೇ ಹೋದೀತೇ ಎಂದು ಯೋಚನೆ ಬರುತ್ತದೆ. ಆಗ ಎಡೆ ಇಡುವವರೂ ಇರುವುದಿಲ್ಲ.

ಬಾಗಿಲು ತೆಗೆಯುವ ಮುನ್ನ ಅವ್ವ ಮೆಲ್ಲಗೆ ಬಡಿದು ಕೇಳುತ್ತಾಳೆ, “ಊಟಾ ಆತೇನವಾ, ಕೂಸ?” ನನ್ನನ್ನು ಅವಳು ಹಾಗೆ ಕರೆಯುವುದು ಈಗ ಅಲ್ಲಿ ಮಾತ್ರ. ಕಂಬಳಿ ಹೊದಿಸುವಾಗ, ಸ್ನಾನ ಮಾಡಿಸುವಾಗ, ಕೆರೆಯ ಸುತ್ತ ಕೈ ಹಿಡಿದು ನಡೆಸುವಾಗ ನಾನು ಬಾಯಾರೇ. ಅವಳು ಹೆದರಿಯಾಳೆಂದು ನಾನು ಒಂದು ದಿನವೂ ಉತ್ತರ ಕೊಟ್ಟಿರಲಿಲ್ಲ. ಸದ್ದಿಲ್ಲದೆ ಬಾಲ್ಕನಿಗೆ ಜಾರಿಕೊಳ್ಳುತ್ತಿದ್ದೆ.

ಮೊನ್ನೆ ತಡೆಯಲಾಗಲಿಲ್ಲ. “ಆತವ್ವಾ,” ಅಂದುಬಿಟ್ಟೆ.

ಬಾಗಿಲಾಚೆ ಹೆಜ್ಜೆ ಸರಿದ ಸದ್ದಾಯಿತು. ಆಮೇಲೆ ಅವಳ ದನಿ ಬಾಗಿಲಿಗೆ ತೀರ ಹತ್ತಿರ ಬಂತು. ಅದರಲ್ಲಿ ಗಾಬರಿ ಇರಲಿಲ್ಲ. “ಅಲ್ಲೆ ಒಬ್ಬಾಕಿನ ಇರ್ತಿ. ಅಂಜಿಕಿ ಬರಂಗಿಲ್ಲೇನವಾ?”

“ಬರ್ತದವ್ವಾ.”

“ನಾ ಇಲ್ಲೇ ಬಾಗಲಾ ಕಾಯ್ತೀನಿ. ನಾಳೆನೂ ಬಾ.”

ಕಣ್ಣೊರೆಸಿಕೊಂಡು ಬಾಲ್ಕನಿಯಿಂದ ಅಡಿಗೆಮನೆಗೆ ಸುತ್ತಿ ಬಂದೆ. ಅವ್ವ ಆಗಲೇ ಬರಿದಾದ ಎಲೆಗಳನ್ನು ಮಡಿಚಿ ತಂದಿದ್ದಳು. ಎಷ್ಟೋ ದಿನದಿಂದ ಕಾಣದ ಗೆಲುವು ಅವಳ ಮುಖದಲ್ಲಿತ್ತು.

“ಬಾಯಾರ, ಇವತ್ತ ನನ್ನ ಮಗಳು ಮಾತಾಡಿದ್ಲು ನೋಡ್ರಿ,” ಅಂದಳು.

ಏನು ಹೇಳಿದಳು ಎಂದು ಕೇಳಿದೆ.

ಅವ್ವ ಯೋಚಿಸಿದಳು. ಎಲೆ ಹಿಡಿದ ಕೈ ಹಾಗೆಯೇ ನಿಂತಿತು. ದೀಪಗಳು ಒಂದೊಂದಾಗಿ ಆರಿದಂತೆ ಮುಖದ ಗೆಲುವು ಹೋಯಿತು.

“ಯಾರ್ರೀ?” ಅಂದಳು.