ನೆಲಕ್ಕೆ ಬಿದ್ದ ಪ್ಯಾಡು

ಶನಿವಾರ, ಬೆಳಿಗ್ಗೆ ಎಂಟು ಗಂಟೆ, ಮಂಡ್ಯದ ಆಸ್ಪತ್ರೆಯ ತರಬೇತಿ ಕೋಣೆ. ಹಾಜರಿದ್ದವರು ನಾನು, ಆಪರೇಷನ್ ಥಿಯೇಟರ್ ಟೆಕ್ನೀಷಿಯನ್ ಕೆಲಸ ಕಲಿಯಲು ಬಂದಿರುವ ನಾಲ್ವರು, ಮತ್ತು ರೋಗಿಯ ಬದಲು ಮೇಜಿನ ಮೇಲೆ ಮಲಗಿದ್ದ ಒಂದು ದಿಂಬು. ಹೊತ್ತಿಗೆ ಸರಿಯಾಗಿ ಬಂದದ್ದು ದಿಂಬೊಂದೇ. ಹಲಗೂರಿನ ಸವಿತಾ ನಾಲ್ಕು ನಿಮಿಷ ತಡವಾಗಿ ಬಂದು ತಪ್ಪನ್ನು ಬಸ್ಸಿನ ಮೇಲೆ ಹಾಕಿದಳು. ಬರೆದುಕೊಂಡೆ. ಥಿಯೇಟರಿನ ಕೆಲಸದಿಂದ ನನಗೆ ನಿವೃತ್ತಿಯಾಗಿದೆ, ನನ್ನ ಪೆನ್ನಿಗೆ ಆಗಿಲ್ಲ.

ಅದು ಅವರ ತರಬೇತಿಯ ಮೊದಲ ವಾರದ ಕೊನೆಯ ದಿನ. ನಾನು ಸಹಿ ಹಾಕಿದವರು ಸೋಮವಾರ ನಿಜವಾದ ಥಿಯೇಟರಿನೊಳಗೆ ಕಾಲಿಡಬಹುದು. ಹಾಕದಿದ್ದರೆ ಇನ್ನೂ ಒಂದು ವಾರ ದಿಂಬಿನ ಸೇವೆ. ಈ ವಾರದಲ್ಲಿ ಕತ್ತರಿ, ಚಿಮಟದ ಮಾತು ಕಡಿಮೆ. ಕೈ ತೊಳೆಯುವುದು, ನಿಲ್ಲುವುದು, ಎಣಿಸುವುದು. ರಕ್ತ ಒರೆಸುವ ಬಟ್ಟೆಯ ಪ್ಯಾಡುಗಳು ಶುರುವಿನಲ್ಲಿ ಇಪ್ಪತ್ತಿದ್ದರೆ, ಹೊಲಿಗೆ ಹಾಕುವ ಮುಂಚೆಯೂ ಇಪ್ಪತ್ತು ಕಣ್ಣಿಗೆ ಕಾಣಬೇಕು. ಒಂದು ಕಾಣದಿದ್ದರೆ ಅದು ಹೊಟ್ಟೆಯೊಳಗೇ ಉಳಿದಿರಬಹುದು. ಈ ಪಾಠ ನನ್ನ ಮೈಗೆ ಎಷ್ಟು ಹತ್ತಿದೆಯೆಂದರೆ, ಮನೆಯಲ್ಲಿ ಸೊಸೆ ಉಪ್ಪಿಟ್ಟು ಬಡಿಸಿ, “ಅತ್ತೆ, ಚಮಚ ಎಣಿಸ್ಕೊಳಿ, ಆಮೇಲೆ ತಿನ್ನೋಣ” ಅನ್ನುತ್ತಾಳೆ. ಎಣಿಸುತ್ತೇನೆ ಕೂಡ.

ಅಭ್ಯಾಸದ ನಡುವೆ ಸವಿತಾಳ ಕೈಯಿಂದ ಒಂದು ಪ್ಯಾಡು ಜಾರಿ ನೆಲಕ್ಕೆ ಬಿತ್ತು. ಅವಳು ಬಗ್ಗಿ, ಎತ್ತಿ, ಕಸದ ಬುಟ್ಟಿಗೆ ಹಾಕಿದಳು. ಬಿದ್ದದ್ದನ್ನು ಎತ್ತಿ ಬಿಸಾಡುವುದು ಒಳ್ಳೆಯ ಮನೆಯ ಹೆಣ್ಣುಮಕ್ಕಳ ಕೈಗೆ ತಾನಾಗಿ ಬರುವ ಕೆಲಸ. ನಾನು ನೋಡಿದೆ, ಹೇಳಲಿಲ್ಲ. ಕೊನೆಯಲ್ಲಿ ಎಣಿಸಿದಾಗ ಹತ್ತೊಂಬತ್ತು.

“ದಿಂಬಿನೊಳಕ್ಕೇ ಓಗ್ಯದೆ ಕಣಿ ಮೇಡಂ, ಬಿಚ್ಬುಡಾವ” ಎಂದ ಪೂರಿಗಾಲಿಯ ಮಹೇಶ. ಎಲ್ಲರೂ ನಕ್ಕರು. ಸವಿತಾ ಬುಟ್ಟಿಯ ಕಡೆ ನೋಡಿ ತಲೆ ತಗ್ಗಿಸಿದಳು. ಬಟ್ಟಲಿನ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ನಾನು ಮನಸ್ಸಿನಲ್ಲೇ ಮದ್ದೂರಿಗೆ ಹೋಗಿಬಿಟ್ಟಿದ್ದೆ.

ಅಲ್ಲಿನ ಆಸ್ಪತ್ರೆಯಲ್ಲಿ ನಾನು ಕಲಿಯುತ್ತಿದ್ದಾಗ ಥಿಯೇಟರಿನ ಹಿರಿಯಾಳು ಜಯಮ್ಮ. ಆತಗೂರಿನ ಒಬ್ಬ ಹೆಂಗಸಿನ ಗರ್ಭಕೋಶದ ಆಪರೇಷನ್. ಹೊಲಿಗೆಗೆ ಮುಂಚೆ ಎಣಿಸಿದರೆ ಒಂದು ಪ್ಯಾಡು ಕಡಿಮೆ. ಡಾಕ್ಟರು ಸೂಜಿ ಕೆಳಗಿಟ್ಟು ಮತ್ತೆ ಹೊಟ್ಟೆಯೊಳಗೆ ಹುಡುಕಿದರು. ನೆಲದ ಮೇಲಿದ್ದ ಆ ಪ್ಯಾಡನ್ನು ನಾನೇ ಎತ್ತಿ ಮೈಲಿಗೆ ಬಟ್ಟೆಯ ಗಂಟಿಗೆ ತುರುಕಿದ್ದೆ, ಕೋಣೆ ಚೊಕ್ಕಟವಾಗಿರಲೆಂದು. ಅದು ನನಗೆ ಚೆನ್ನಾಗಿ ನೆನಪಿತ್ತು. ಹೇಳಿದರೆ ತರಬೇತಿಯಿಂದ ಕಳಿಸುತ್ತಾರೆಂಬ ಹೆದರಿಕೆಯೂ ಇತ್ತು. ಗೋಡೆ ಗಡಿಯಾರದ ಲೆಕ್ಕದಲ್ಲಿ ಆರು ನಿಮಿಷ ಸುಮ್ಮನಿದ್ದೆ. ಅಷ್ಟೂ ಹೊತ್ತು ಆ ಹೆಂಗಸಿನ ಹೊಟ್ಟೆ ತೆರೆದೇ ಇತ್ತು.

ಜಯಮ್ಮ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. “ಯಾರ್ ಎತ್ತುದ್ರೋ ಯೋಳ್ಬುಡಿ. ಬೈಯೋದು ಆಮೇಲೆ ಬೈತೀನಿ. ಮೊದ್ಲು ಆಯಮ್ಮನ್ ಒಟ್ಟೆ ಮುಚ್ಲಿ.”

“ನಾನು” ಎಂದೆ.

ಗಂಟು ಬಿಚ್ಚಿದರು, ಪ್ಯಾಡು ಸಿಕ್ಕಿತು, ಹೊಲಿಗೆ ಬಿತ್ತು. ಬೈಗುಳವೂ ಮಾತು ಕೊಟ್ಟಂತೆ ಬಂತು: “ನೆಲ ಗುಡ್ಸಕ್ಕೆ ಬೇರೆಯವ್ರವ್ರೆ ಕಣಮ್ಮಿ. ಬಿದ್ದದ್ದು ಬಿದ್ದಂಗೇ ಇರ್ಲಿ, ಬಾಯ್ಬುಟ್ಟು ಬಿತ್ತು ಅನ್ನು.” ಕಳಿಸಲಿಲ್ಲ. ಮಾರನೆಯ ದಿನ ಆ ಹೆಂಗಸಿನ ಅತ್ತೆ ನನ್ನ ಅಂಗೈಗೆ ಒಂದು ಅಚ್ಚು ಬೆಲ್ಲ ಇಟ್ಟು, “ನೀನೂ ಒಳ್ಗಿದ್ದಲ್ವಾ ಮಗ, ತಕೊ” ಎಂದರು. ಆ ಬೆಲ್ಲವನ್ನು ತಿನ್ನಲಾಗಲಿಲ್ಲ. ಇರುವೆ ಮುತ್ತುವವರೆಗೂ ಟ್ರಂಕಿನಲ್ಲಿಟ್ಟಿದ್ದೆ.

ಈ ಕಥೆಯನ್ನು ಪ್ರತಿ ತಂಡಕ್ಕೂ ಹೇಳಿದ್ದೇನೆ. ಆದರೆ ನೀವು ಕೇಳಿದ ಹಾಗೆ ಅಲ್ಲ. “ಮದ್ದೂರಿನಲ್ಲಿ ಒಬ್ಬಳು ಹುಡುಗಿ ಇದ್ದಳು” ಎಂದು ಶುರುಮಾಡುತ್ತಿದ್ದೆ. ಈ ವಾರವೂ ಮಂಗಳವಾರ ಹಾಗೆಯೇ ಹೇಳಿದ್ದೆ.

ಸವಿತಾ ತಲೆ ಎತ್ತಿದಳು. “ಮೇಡಂ, ಆ ಮದ್ದೂರಿನ ಹುಡ್ಗಿನ ಆಮೇಲೆ ಕೆಲ್ಸಕ್ಕೆ ಇಟ್ಕೊಂಡ್ರಾ?”

“ಮೊದಲು ನೀನು ಹೇಳುವುದಿದ್ದರೆ ಹೇಳು.”

“ಬುಟ್ಟೀಲಿ ಅದೆ ಮೇಡಂ. ನಾನೇ ಎತ್ತಾಕ್ಬುಟ್ಟೆ.”

ಗಡಿಯಾರ ನೋಡಿದೆ. ಎಣಿಕೆ ಮುಗಿದು ಎರಡೇ ನಿಮಿಷ ಆಗಿತ್ತು. ನನಗಿಂತ ನಾಲ್ಕು ನಿಮಿಷ ಮುಂಚೆ. ಬಸ್ಸು ತಿಂದ ನಾಲ್ಕು ನಿಮಿಷಕ್ಕೆ ಅಲ್ಲಿಗೆ ಸರಿಹೋಯಿತು.

“ಇಟ್ಟುಕೊಂಡರು” ಎಂದೆ. “ಆ ಹುಡುಗಿ ನಾನೇ.”

ಮಹೇಶ ಮೆಲ್ಲಗೆ, “ನೀವೂ ಸುಮ್ಕಿದ್ರಾ ಮೇಡಂ?” ಎಂದ. ಹೌದು, ಆರು ನಿಮಿಷ, ಎಂದೆ. ಇಷ್ಟು ವರ್ಷ ಹೊತ್ತಿದ್ದ ಭಾರ ಇಳಿಯಲು ಅಷ್ಟೂ ಹೊತ್ತು ಬೇಕಾಗಲಿಲ್ಲ.

ನಾಲ್ವರಿಗೂ ಸಹಿ ಹಾಕಿದೆ. ಅವರು ಹೋದ ಮೇಲೆ ಬುಟ್ಟಿಯಿಂದ ಆ ಪ್ಯಾಡನ್ನು ಚಿಮಟದಲ್ಲಿ ಎತ್ತಿ ಉಳಿದವುಗಳ ಪಕ್ಕದಲ್ಲಿಟ್ಟು ಎಣಿಸಿದೆ. ಇಪ್ಪತ್ತು. ಪುಸ್ತಕದಲ್ಲಿ ಬರೆದು, ದಿಂಬನ್ನು ಬೀರುವಿನೊಳಗೆ ಮಲಗಿಸಿ, ಬೀಗ ಹಾಕಿದೆ.