ಉಸಿರಿನ ಲೆಕ್ಕ ನೋಡುವ ಗೊರಕೆ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ ದಪ್ಪ ಮೀಸೆಯ ಮನುಷ್ಯರೊಬ್ಬರು ಮಂಚದ ಮೇಲೆ ಎದ್ದು ಕೂತಿದ್ದಾರೆ. ತಲೆ, ಎದೆ, ಕಾಲು ಎಲ್ಲೆಡೆ ತಂತಿ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಅಂಟು ಕರಗಿಸುತ್ತಾ ಹೆಂಗಸೊಬ್ಬರು ಒಂದೊಂದೇ ತಂತಿ ಬಿಡಿಸುತ್ತಿದ್ದಾರೆ.

"ರಾತ್ರಿಯಿಡೀ ಕಣ್ಣೇ ಮುಚ್ಚಿಲ್ಲ ಕಣಮ್ಮ. ನಿಮ್ಮ ನಿದ್ದೆ ಪರೀಕ್ಷೆ ದಂಡ ಆಯ್ತು."

"ಕಣ್ಣು ಚೆನ್ನಾಗೇ ಮುಚ್ಚಿದ್ರಿ ಸಾರ್. ಜೊತೆಗೆ ಗಂಟಲೂ ಮುಚ್ಕೊಂಡಿತ್ತು, ಅದೇ ತೊಂದ್ರೆ," ಎನ್ನುತ್ತಾ ಅವರು ಮೀಸೆಯ ಮೇಲಿನ ಅಂಟನ್ನು ಮೆಲ್ಲಗೆ ಒರೆಸುತ್ತಾರೆ. ಮೀಸೆಯ ಒಂದು ಕೂದಲೂ ಕಿತ್ತು ಬರುವುದಿಲ್ಲ.

ಆಸ್ಪತ್ರೆಯ ದಾಖಲೆಯಲ್ಲಿ ಇವರ ಹುದ್ದೆಗೆ ಉದ್ದನೆಯ ಹೆಸರಿದೆ. ಆದರೆ ಲಿಫ್ಟ್ ನಡೆಸುವವರಿಂದ ಹಿಡಿದು ಡಾಕ್ಟರವರೆಗೆ ಎಲ್ಲರ ಬಾಯಲ್ಲೂ ಇವರು 'ಗೊರಕೆ ಅಕ್ಕ'. ಮೊದಮೊದಲು ಮುಖ ಗಂಟಿಕ್ಕುತ್ತಿದ್ದರಂತೆ, ಈಗ ಫೋನಿನಲ್ಲಿ ತಾವೇ ಹಾಗೆ ಪರಿಚಯ ಹೇಳಿಕೊಳ್ಳುತ್ತಾರೆ. "ಮನೇಲಿ ಅತ್ತೆ ಗೊರಕೆ, ಇಲ್ಲಿ ಊರ ಗೊರಕೆ. ಇನ್ನೇನು ಹೆಸರಿಡ್ತಾರೆ ಹೇಳಿ," ಎಂದು ನಗುತ್ತಾರೆ.

ತಂತಿ ಬಿಚ್ಚುವುದು ಅರ್ಧ ಗಂಟೆಯ ಕೆಲಸ. ಅಕ್ಕನ ನಿಜವಾದ ದಿನ ಶುರುವಾಗುವುದು ಆಮೇಲೆ, ಕಿಟಕಿ ಪಕ್ಕದ ಹಳೆಯ ಕಂಪ್ಯೂಟರಿನ ಮುಂದೆ. ನಿದ್ದೆಯಲ್ಲಿ ಗಂಟಲು ಸಡಿಲಗೊಂಡು ಉಸಿರಿನ ದಾರಿ ಕಟ್ಟಿಕೊಳ್ಳುವ ಕಾಯಿಲೆ ಇದ್ದವರಿಗೆ ಡಾಕ್ಟರು ಒಂದು ಯಂತ್ರ ಕೊಡುತ್ತಾರೆ. ಮೂಗಿಗೊಂದು ಮಾಸ್ಕ್, ಮಾಸ್ಕಿಗೊಂದು ಕೊಳವೆ, ಕೊಳವೆಯ ತುದಿಗೆ ಇಟ್ಟಿಗೆ ಗಾತ್ರದ ಡಬ್ಬಿ. ಡಬ್ಬಿ ರಾತ್ರಿಯಿಡೀ ಗಾಳಿ ಊದಿ ಆ ದಾರಿ ಮುಚ್ಚದಂತೆ ನೋಡಿಕೊಳ್ಳುತ್ತದೆ. ಊದುತ್ತಲೇ ಲೆಕ್ಕವನ್ನೂ ಇಡುತ್ತದೆ. ಎಷ್ಟು ಗಂಟೆ ಹಾಕಿಕೊಂಡರು, ಗಾಳಿ ಎಷ್ಟು ಸೋರಿತು, ಗಂಟೆಗೆ ಎಷ್ಟು ಸಲ ಉಸಿರು ನಿಂತಿತು, ಎಲ್ಲವೂ ಬೆಳಗಾಗುವಷ್ಟರಲ್ಲಿ ಅಕ್ಕನ ಪರದೆಗೆ ಬಂದು ಬೀಳುತ್ತದೆ. ಸುಮಾರು ಇನ್ನೂರು ಮನೆಗಳ ರಾತ್ರಿ ಹೀಗೆ ಅವರ ಕಣ್ಣ ಮುಂದೆ ಹಾದುಹೋಗುತ್ತದೆ.

ಉಸಿರು ನಿಲ್ಲುವುದು ಗಂಟೆಗೆ ಐದಕ್ಕಿಂತ ಕಡಿಮೆಯಿದ್ದರೆ ಸಮಾಧಾನ. ಜಾಸ್ತಿಯಾದರೆ ಡಾಕ್ಟರು ಮೊದಲು ಸೋರಿಕೆ ನೋಡುತ್ತಾರೆ, ಏಕೆಂದರೆ ಗಾಳಿ ಕೆನ್ನೆಯ ಪಕ್ಕದಿಂದ ಹೋಗುತ್ತಿದ್ದರೆ ಒತ್ತಡ ಏರಿಸುವುದು ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ. ಸೋರಿಕೆ ಇಲ್ಲದಿದ್ದರೆ ಒತ್ತಡ ಸಾಲದೆ ಹೀಗಾಯಿತೇ, ತೂಕ ಏರಿತೇ, ಹೊಸ ಮಾತ್ರೆ ಏನಾದರೂ ನುಂಗುತ್ತಿದ್ದಾರೆಯೇ ಎಂದು ಒಂದೊಂದಾಗಿ ವಿಚಾರಿಸುತ್ತಾರೆ. ಆ ವಿಚಾರಣೆಗೆ ಬೇಕಾದದ್ದನ್ನೆಲ್ಲ ಆರಿಸಿ, ಮನೆಗಳಿಗೆ ಫೋನು ಮಾಡಿ, ಡಾಕ್ಟರು ಬರುವಷ್ಟರಲ್ಲಿ ಮೇಜಿನ ಮೇಲೆ ಇಡುವುದು ಅಕ್ಕನ ಪಾಲಿನ ಕೆಲಸ.

ಫೋನು ಎತ್ತಿದವರೆಲ್ಲ ಸಕ್ಕರೆಯಂತೆ ಮಾತಾಡುವುದಿಲ್ಲ. "ನಮ್ಮ ಮಲಗೋ ಕೋಣೆಗೆ ನೀವ್ಯಾಕ್ರೀ ಇಣುಕ್ತೀರಿ?" ಎಂದು ಒಬ್ಬರು ಬೈದಿದ್ದಾರೆ. "ಮೂಗಿಗಿಂತ ಮೂಗುತಿ ಭಾರ ಆಗಿದೆ, ವಾಪಸ್ ತಗೊಳ್ಳಿ" ಎಂದು ಒಬ್ಬ ಅಜ್ಜಿ ಯಂತ್ರವನ್ನು ಚೀಲಕ್ಕೆ ತುಂಬಿಕೊಂಡು ಬಂದೇ ಬಿಟ್ಟಿದ್ದರು. ಅಕ್ಕ ಅವರನ್ನು ಕೂರಿಸಿ ಟೀ ಕುಡಿಸಿ, ಚಿಕ್ಕ ಅಳತೆಯ ಮಾಸ್ಕ್ ಹಾಕಿ ಕಳಿಸಿದರು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಹಾಕುತ್ತಿದ್ದ ಕಾಲದ ಕೈ ಅದು, ಪಟ್ಟಿ ಬಿಗಿಯಾಗಿದೆಯೋ ಸಡಿಲವಾಗಿದೆಯೋ ಮುಟ್ಟಿದರೆ ತಿಳಿಯುತ್ತದೆ. ಕಾರ್ಖಾನೆ ಮುಚ್ಚಿದ ಮೇಲೆ, ಇಬ್ಬರು ಮಕ್ಕಳ ತಾಯಿಯಾಗಿ, ತನಗಿಂತ ಹತ್ತು ವರ್ಷ ಚಿಕ್ಕವರ ಜೊತೆ ಬೆಂಚಿನಲ್ಲಿ ಕೂತು ಈ ವಿದ್ಯೆ ಕಲಿತರು. ಹುಡುಗಿಯರು 'ಆಂಟಿ' ಎಂದು ಕಾಡಿಸುತ್ತಿದ್ದದ್ದನ್ನು ಇಂದಿಗೂ ಮರೆತಿಲ್ಲ.

ಇಷ್ಟು ವರ್ಷದ ಕೆಲಸದಲ್ಲಿ ಅಕ್ಕನ ನಿದ್ದೆಯನ್ನೇ ಕೆಡಿಸಿದವರು ಒಬ್ಬ ಬಸ್ ಡ್ರೈವರ್.

ಆತ ಹಿಂದೊಮ್ಮೆ ಸಿಗ್ನಲ್ಲಿನಲ್ಲಿ ತೂಕಡಿಸಿ ಬಸ್ಸನ್ನು ದೀಪದ ಕಂಬಕ್ಕೆ ಗುದ್ದಿಸಿದ್ದರು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಕಂಪನಿಯವರು ಸ್ಟಿಯರಿಂಗ್ ಕಿತ್ತುಕೊಂಡು ಡಿಪೋದ ಪಾಸ್ ಕೊಡುವ ಕಿಟಕಿಯಲ್ಲಿ ಕೂರಿಸಿದರು. ಯಂತ್ರ ಹಾಕಿಕೊಂಡು ನಿದ್ದೆ ಸರಿಹೋದ ಮೇಲೆ ಸ್ಟಿಯರಿಂಗ್ ವಾಪಸ್ ಬಂತು, ಒಂದು ಷರತ್ತಿನ ಮೇಲೆ. ಮೂರು ತಿಂಗಳಿಗೊಮ್ಮೆ ಯಂತ್ರದ ಲೆಕ್ಕ ನೋಡಿ ಡಾಕ್ಟರು ಪತ್ರ ಕೊಡಬೇಕು. ಆತನ ಹೆಂಡತಿಗೂ ಇದೇ ಕಾಯಿಲೆ, ಸ್ವಲ್ಪ ಹಗುರವಾಗಿ. ಹಾಗಾಗಿ ಮಂಚದ ಆ ಕಡೆಗೊಂದು ಯಂತ್ರ, ಈ ಕಡೆಗೊಂದು ಯಂತ್ರ. ಒಂದೇ ಅಂಗಡಿಯವು, ಒಂದೇ ಬಣ್ಣದವು.

ಏಳು ಗಂಟೆ ನಿದ್ದೆ ತೋರಿಸುತ್ತಿದ್ದ ಡ್ರೈವರಣ್ಣನ ಲೆಕ್ಕ ಒಂದು ದಿನ ಮೂರಕ್ಕೆ ಇಳಿಯಿತು. ಮಾರನೇ ದಿನವೂ ಅಷ್ಟೇ. ವಾರ ಕಳೆದ ಮೇಲೆ ಅಕ್ಕ ಫೋನು ಮಾಡಿದರೆ ಆತ ಖುಷಿಯಲ್ಲಿದ್ದಾರೆ. "ಈಗ ಎಷ್ಟು ಅಭ್ಯಾಸ ಆಗಿದೆ ಅಂದ್ರೆ, ಗಾಳಿ ಬರೋದೇ ಗೊತ್ತಾಗಲ್ಲ ಅಕ್ಕ!"

ಹಾಕಿಕೊಂಡರೆ ತಾನೇ ಗೊತ್ತಾಗುವುದು ಎಂದು ಅಕ್ಕ ಮನಸ್ಸಿನಲ್ಲೇ ಅಂದುಕೊಂಡರು. ಇನ್ನೊಂದು ವಾರಕ್ಕೆ ಮತ್ತೆ ಫೋನು ಮಾಡಿದಾಗ ಮನಸ್ಸಿನಲ್ಲಿದ್ದದ್ದು ಬಾಯಿಗೂ ಬಂತು. "ಸುಳ್ಳು ಹೇಳ್ಬೇಡಿ ಅಣ್ಣ. ನಡುರಾತ್ರಿ ಕಿತ್ತು ಬಿಸಾಕ್ತಿದ್ದೀರಿ. ಮಷಿನ್ ಹೇಳ್ತಿದೆ."

"ಮಷಿನ್ ಸತ್ಯ, ನಾನು ಕಳ್ಳ, ಅಲ್ವಾ?" ಎಂದು ಆತ ಫೋನು ಕುಕ್ಕಿದರು.

ಅದೇ ದಿನಗಳಲ್ಲಿ ಹೆಂಡತಿಯ ಲೆಕ್ಕದಲ್ಲಿ ಉಸಿರು ನಿಲ್ಲುವುದು ಮೂರರಿಂದ ಇಪ್ಪತ್ತೆರಡಕ್ಕೆ ಏರಿತ್ತು. ಅದನ್ನೂ ಅಕ್ಕ ನೋಡಿದ್ದರು. ತೂಕ ಹೆಚ್ಚಾಗಿರಬೇಕು, ಒತ್ತಡ ಏರಿಸಬೇಕಾಗಬಹುದು ಎಂದುಕೊಂಡು, ಗಂಡನ ಜೊತೆಗೇ ಬರಲು ಹೇಳಿದ್ದರು. ಆದರೆ ಒಬ್ಬೊಬ್ಬರ ಲೆಕ್ಕವನ್ನು ಬೇರೆಬೇರೆಯಾಗಿ ನೋಡುವುದು ಅಲ್ಲಿನ ರೂಢಿ. ಗಂಡ ಹೆಂಡತಿಯ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಯಾರಿಗೂ ಹೊಳೆದಿರಲಿಲ್ಲ.

ಪತ್ರದ ದಿನ ಇಬ್ಬರೂ ಡಾಕ್ಟರ ಮುಂದೆ ಕೂತರು. ಆತ ಅಕ್ಕನ ಮುಖ ನೋಡಲೂ ಸಿದ್ಧರಿಲ್ಲ. ಹೆಂಡತಿ ಮಾತ್ರ ಮಾತು ತಡೆಯಲಾರದೆ, "ಗಾಳಿ ಗೊತ್ತಾಗಲ್ಲ ಅಂತಾರೆ ಇವರು. ನನಗೆ ನೋಡಿದ್ರೆ ಬಿರುಗಾಳಿ ಡಾಕ್ಟ್ರೇ! ಬಾಯೆಲ್ಲ ಒಣಗುತ್ತೆ, ಮೂರು ಗಂಟೆ ತಡ್ಕೊಂಡು ಕಿತ್ತಿಡ್ತೀನಿ. ಹೊಸ ಬಣ್ಣದ ವಾಸನೆಗೆ ಹೀಗಾಗ್ತಿದೆ ಅಂದುಕೊಂಡೆ," ಎಂದರು.

ಡಾಕ್ಟರು ತಲೆ ಎತ್ತಿದರು. "ಮೂರು ಗಂಟೆನಾ? ನಿಮ್ಮ ಲೆಕ್ಕದಲ್ಲಿ ಏಳು ಇದೆಯಲ್ಲಮ್ಮ. ಯಾವ ಬಣ್ಣ?"

"ಮನೆಗೆ ಬಣ್ಣ ಹೊಡೆಸಿದ್ವಲ್ಲ, ಮೂರು ವಾರ ಆಯ್ತು."

ಅಕ್ಕನ ಕೈ ಆಗಲೇ ಎರಡು ಹಾಳೆಗಳನ್ನು ಒಂದರ ಪಕ್ಕ ಒಂದು ಎಳೆದಿತ್ತು. ಎರಡೂ ಕೆಟ್ಟದ್ದು ಒಂದೇ ರಾತ್ರಿಯಿಂದ. ಮನೆಯಲ್ಲಿದ್ದ ಮಗಳಿಗೆ ಫೋನು ಮಾಡಿ ಯಂತ್ರದ ತಳದ ನಂಬರು ಓದಿಸಿದರೆ, ಅಪ್ಪನ ಯಂತ್ರ ಅಮ್ಮನ ತಲೆದೆಸೆಯಲ್ಲಿ! ಬಣ್ಣದವರಿಗಾಗಿ ಕೋಣೆ ಖಾಲಿ ಮಾಡಿ, ಮತ್ತೆ ಜೋಡಿಸುವಾಗ ಎರಡೂ ಅದಲುಬದಲಾಗಿದ್ದವು. ಗಂಡನಿಗೆ ಬೇಕಾದ ಜೋರು ಗಾಳಿ ಹೆಂಡತಿಗೆ, ಹೆಂಡತಿಯ ಮೆಲುಗಾಳಿ ಗಂಡನಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಆ ಮನೆಯಲ್ಲಿ ಮೂರು ವಾರ ಸದ್ದಿಲ್ಲದೆ ನಡೆದಿತ್ತು. ಎಲ್ಲರೂ ನಕ್ಕರು. ಡ್ರೈವರಣ್ಣ ಎಲ್ಲರಿಗಿಂತ ಜೋರಾಗಿ ನಕ್ಕರು.

"ನಾನು ಕಳ್ಳ ಅಲ್ಲ ಅಂತ ಆಯ್ತಲ್ಲ? ಪತ್ರ ಕೊಡಿ ಡಾಕ್ಟ್ರೇ."

ಡಾಕ್ಟರು ಪೆನ್ನು ಮುಟ್ಟಲಿಲ್ಲ. "ಹೆಂಡತಿಯದು ಅಂತ ನಾವು ಓದಿದ ಇಪ್ಪತ್ತೆರಡು ನಿಮ್ಮದು. ಈ ಮೂರು ವಾರ ಸ್ಟಿಯರಿಂಗ್ ಮುಂದೆ ಹೇಗಿತ್ತು? ಮಷಿನ್ ಮನೇಲಿತ್ತು, ಬಸ್ಸಲ್ಲಿ ಇದ್ದವರು ನೀವು. ನೀವೇ ಹೇಳ್ಬೇಕು."

"ಹೋದ ವಾರ ಎರಡು ಸಲ ಕಣ್ಣು ಎಳೀತು," ಎಂದರು ಆತ. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಎರಡು ವಾರ ಒಳ್ಳೆಯ ಲೆಕ್ಕ ಬರುವವರೆಗೆ ಪತ್ರವಿಲ್ಲ, ಬಸ್ಸಿಲ್ಲ ಎಂದು ತೀರ್ಮಾನವಾಯಿತು. ಹೊರಗಿನ ಪಡಸಾಲೆಯಲ್ಲಿ ಆತ ಅಕ್ಕನಿಗೆ ಅಡ್ಡ ನಿಂತರು. "ಮತ್ತೆ ಆ ಕಿಟಕೀಲಿ ಕೂರಿಸ್ತಾರೆ ಅಕ್ಕ. ಈ ಸಲ ವಾಪಸ್ ಕೊಡ್ತಾರೋ ಇಲ್ವೋ. ನೀವೊಂದು ಮಾತು ಹೇಳಿದ್ರೆ ಡಾಕ್ಟ್ರು ಬರೀತಾರೆ."

"ನಿಮ್ಮನ್ನ ಸುಳ್ಳುಗಾರ ಅಂದೆ, ಅದು ನನ್ನ ತಪ್ಪು. ಬೇಕಾದ್ರೆ ಬೈದುಬಿಡಿ," ಎಂದರು ಅಕ್ಕ. "ಆದ್ರೆ ಈ ಮಾತು ಹೇಳಲ್ಲ ಅಣ್ಣ. ನಿಮ್ಮ ಬಸ್ಸಲ್ಲಿ ಜನ ಕೂರ್ತಾರೆ."

ಆ ಮಧ್ಯಾಹ್ನ ಮನೆಗೆ ಹೋದರೂ ಆ ಮಾತೇ ತಲೆಯಲ್ಲಿ ಸುತ್ತುತ್ತಿತ್ತು ಎಂದು ಅಕ್ಕ ನೆನೆಯುತ್ತಾರೆ. ಒಬ್ಬರ ಅನ್ನದ ಪ್ರಶ್ನೆ. ಒಂದು ವಾರ ಮೊದಲೇ ಬೈಯುವ ಬದಲು 'ಮನೇಲಿ ಏನಾದ್ರೂ ಬದಲಾಗಿದೆಯಾ' ಎಂದು ಕೇಳಿದ್ದರೆ ಸಾಕಿತ್ತು. ಈಗ ಆ ಪ್ರಶ್ನೆಯನ್ನು ಎಲ್ಲರಿಗೂ ಮೊದಲು ಕೇಳುತ್ತಾರೆ. ಗಂಡ ಹೆಂಡತಿಯ ಲೆಕ್ಕವನ್ನು ಒಟ್ಟಿಗೇ ನೋಡುವ ರೂಢಿಯನ್ನೂ ಡಾಕ್ಟರು ತಂದಿದ್ದಾರೆ. ಯಂತ್ರ ಏನಾಯಿತು ಎಂದಷ್ಟೇ ಹೇಳುತ್ತದೆ, ಏಕಾಯಿತು ಎನ್ನುವುದನ್ನು ಮನೆಯವರಿಂದಲೇ ಕೇಳಬೇಕು ಎನ್ನುವುದು ಡಾಕ್ಟರ ಮಾತು.

ಆ ಎರಡು ವಾರ ಬೆಳಗ್ಗೆ ಬಂದ ಕೂಡಲೇ ಅಕ್ಕ ಮೊದಲು ತೆರೆಯುತ್ತಿದ್ದದ್ದು ಡ್ರೈವರಣ್ಣನ ಲೆಕ್ಕವನ್ನೇ. ನೋಡಿ, ಫೋನು ಮಾಡಿ, ಉಸಿರು ನಿಂತ ಲೆಕ್ಕ "ನಾಲ್ಕು" ಎಂದೋ "ಮೂರೂವರೆ" ಎಂದೋ ಹೇಳಿ ಇಡುತ್ತಿದ್ದರು. ಮೊದಲ ಮೂರು ದಿನ ಆ ಕಡೆಯಿಂದ ಬರೀ ಹೂಂ. ನಾಲ್ಕನೇ ದಿನ, "ನಿಮ್ಮದು ಟೀ ಆಯ್ತಾ ಅಕ್ಕ?" ಎಂಬ ಪ್ರಶ್ನೆ ಬಂತು. ಡಾಕ್ಟರು ಪತ್ರ ಬರೆದರು. ಕಂಪನಿಯವರು ಇನ್ನೂ ಹದಿನೈದು ದಿನ ಸತಾಯಿಸಿ, ಕೊನೆಗೆ ಸ್ಟಿಯರಿಂಗ್ ಕೊಟ್ಟರು. ಈ ಸಲ ಸಿಕ್ಕಿದ ಬಸ್ ರೂಟ್ ಆಸ್ಪತ್ರೆಯ ಮುಂದೆಯೇ ಹಾಯುತ್ತದೆ.

ಪಾಳಿ ಮುಗಿಸಿ ಅಕ್ಕ ಈಗ ಅದೇ ಬಸ್ಸಿಗೆ ಕಾಯುತ್ತಾರೆ. ನಸುಕಿಗಿಂತ ಮೊದಲೇ ಎದ್ದ ದೇಹ, ಕಿಟಕಿಯ ಪಕ್ಕ ಕೂತ ಕೂಡಲೇ ತಲೆ ವಾಲುತ್ತದೆ. ಹೋದ ವಾರ ಇಳಿಯಬೇಕಾದ ಜಾಗ ದಾಟಿ ಎರಡು ಸ್ಟಾಪ್ ಮುಂದೆ ಹೋಗಿದ್ದರು. "ಗೊರಕೆ ಅಕ್ಕ ಗೊರಕೆ ಹೊಡೀತಿದ್ದಾರೆ, ಯಾರಾದ್ರೂ ಎಬ್ಬಿಸಿ!" ಎಂದು ಡ್ರೈವರಣ್ಣ ಕನ್ನಡಿಯಲ್ಲಿ ನೋಡಿ ಕೂಗಿದಾಗಲೇ ಎಚ್ಚರ. ಬಸ್ಸಿಗೆ ಬಸ್ಸೇ ನಕ್ಕಿತು.

ನಾಚಿಕೆ ಆಗಲಿಲ್ಲವೇ ಎಂದು ಕೇಳಿದರೆ ಅಕ್ಕ ತೊಳೆದ ಮಾಸ್ಕನ್ನು ಗಾಳಿಗೆ ನೇತುಹಾಕುತ್ತಾ ಹೇಳುತ್ತಾರೆ: "ಬೇರೆ ಬಸ್ಸಲ್ಲಿ ನನಗೆ ನಿದ್ದೆ ಬರಲ್ಲ. ಆ ಬಸ್ಸಲ್ಲಿ ಬರುತ್ತೆ. ಅವರ ರಾತ್ರೀನ ಬೆಳಗ್ಗೇನೇ ನೋಡಿರ್ತೀನಲ್ಲ."