ಮಸರಕಲ್ಲಿನ ಸಪ್ಪೆ ಪಾತ್ರ

ಅವರಿಗೆ ಹುಬ್ಬುಗಳಿರಲಿಲ್ಲ. ಚಿಕ್ಕಂದಿನಿಂದ ನಾಟಕಕ್ಕೆಂದು ಮುಖಕ್ಕೆ ಮೆತ್ತಿಕೊಂಡ ಸಫೇದಾ, ಅರದಾಳದ ಬಣ್ಣ, ಆಮೇಲೆ ಅದನ್ನು ಕೊಬ್ಬರಿ ಎಣ್ಣೆ ಹಚ್ಚಿ ಗಸಗಸ ತಿಕ್ಕಿ ತೆಗೆದದ್ದು, ಎಲ್ಲ ಸೇರಿ ಹುಬ್ಬಿನ ಕೂದಲನ್ನು ಒಯ್ದಿದ್ದವು. ಹಣೆಯಂಚಿನ ಚರ್ಮ ಬೂದಿ ಬಣ್ಣಕ್ಕೆ ತಿರುಗಿತ್ತು. ಪೇಟೆಗೆ ಹೋಗುವಾಗ ಕಾಡಿಗೆಯಿಂದ ಹುಬ್ಬು ತೀಡಿಕೊಳ್ಳುತ್ತಿದ್ದರು. ತಾಲೀಮಿಗೆ ಮಾತ್ರ ಹಾಗೇ ಬರುತ್ತಿದ್ದರು. ಹುಬ್ಬಿಲ್ಲದ ಮುಖದಲ್ಲಿ ಸಿಟ್ಟು ಯಾವುದು, ಖುಷಿ ಯಾವುದು ಎಂದು ತಿಳಿಯದೆ ನಮ್ಮೂರ ಹುಡುಗರು ಯಾವುದಕ್ಕೂ ಇರಲಿ ಎಂದು ಹೆದರಿಕೊಂಡೇ ಇರುತ್ತಿದ್ದರು. ಅದರಿಂದ ಅವರಿಗೆ ಕಲಿಸಲು ಅನುಕೂಲವೇ ಆಯಿತು.

ನಾನು ಆಗ ರಾಯಚೂರಿನ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ತೂಗಿಸುವ ಗುಮಾಸ್ತ. ಊರು ದೇವದುರ್ಗ ತಾಲೂಕಿನ ಮಸರಕಲ್. ವರ್ಷಕ್ಕೊಮ್ಮೆ ಊರವರು ಆಡುವ ನಾಟಕದಲ್ಲಿ ಪರದೆಯ ಮರೆಗೆ ನಿಂತು ಮಾತು ಎತ್ತಿಕೊಡುವುದು ನನ್ನ ಕೆಲಸ. ನಾಟಕದ ಹುಚ್ಚಿದ್ದು ಎದೆಯಲ್ಲಿ ಧೈರ್ಯವಿಲ್ಲದವನಿಗೆ ಸಿಗುವ ಜಾಗ ಅದೊಂದೇ.

ಆ ನಟಿಯನ್ನು ನಾನು ಮೊದಲು ನೋಡಿದ್ದು ಎಪ್ಪತ್ತರ ದಶಕದ ನಡುವೆ, ರಾಯಚೂರಿಗೆ ಬಂದ ಒಂದು ನಾಟಕ ಕಂಪನಿಯ ಡೇರೆಯಲ್ಲಿ. ಇವತ್ತು ಮೀಸೆ ಹಚ್ಚಿ ಫೌಜದಾರನಾದವರು ನಾಳೆ ಜಗಳಗಂಟಿ ಅತ್ತೆ, ನಾಡಿದ್ದು ನಾಯಕಿ. ಒಬ್ಬರೇ ಎಂದು ಆಣೆ ಮಾಡಿ ಹೇಳಿದರೂ ಪಕ್ಕದವರು ನಂಬುತ್ತಿರಲಿಲ್ಲ. ಒಂದು ನಾಟಕದಲ್ಲಿ ಮಗ ಸತ್ತ ಸುದ್ದಿ ಬರುತ್ತದೆ. ಸುದ್ದಿ ಕೇಳಿದ ತಾಯಿ, ಅಂದರೆ ಅವರು, ಜನರಿಗೆ ಬೆನ್ನು ಹಾಕಿ ನಿಂತುಬಿಟ್ಟರು. ಮಾತಿಲ್ಲ, ಅಳುವಿಲ್ಲ. ಆ ಬೆನ್ನು ನೋಡುತ್ತ ನೋಡುತ್ತ ಹೆಂಗಸರ ಕಡೆ ಮುಸುಮುಸು ಶುರುವಾಗಿ ಡೇರೆಗೆಲ್ಲ ಹಬ್ಬಿತು. ಬಾಗಿಲಲ್ಲಿ ಕೆಟಲ್ ಹಿಡಿದು ನಿಂತ ಚಹಾದ ಸಾಹೇಬರು ಚಹಾ ಮಾರುವುದು ಬಿಟ್ಟು, "ಪೀಟ್ ರೋರೀ ದೇಖೋ" ಎಂದರು. ಬೆನ್ನು ಅಳುತ್ತಿದೆ ನೋಡು ಅಂತ. ಅದಕ್ಕಿಂತ ದೊಡ್ಡ ವಿಮರ್ಶೆಯನ್ನು ನಾನು ಈವರೆಗೆ ಓದಿಲ್ಲ.

ಕಂಪನಿ ರಾಯಚೂರಿನಲ್ಲೇ ಮುಳುಗಿತು. ಉಳಿದವರು ದಿಕ್ಕಿಗೊಬ್ಬರಾದರು, ಇವರು ತೀನ್ ಕಂದೀಲ್ ಚೌಕದ ಹಿಂದೆ ಒಬ್ಬ ಟೇಲರ್ ಮನೆಯ ಮಗ್ಗುಲ ಕೋಣೆ ಹಿಡಿದು ನಿಂತರು. ನಮ್ಮ ಕಡೆ ಹಳ್ಳಿಯ ನಾಟಕಗಳಲ್ಲಿ ಗಂಡು ಪಾತ್ರವೆಲ್ಲ ಊರವರದು. ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಬಣ್ಣದ ಹೆಂಗಸನ್ನು ಕರೆಸುತ್ತಾರೆ, ಆಕೆಗೆ ‘ಬಾಯಿ’ ಎನ್ನುತ್ತಾರೆ. ಆಕೆ ನಾಟಕದ ದಿನ ಬಂದು, ಬಣ್ಣ ಹಚ್ಚಿ, ಬೆಳಗಿನ ಬಸ್ಸಿಗೆ ಹೋಗುತ್ತಾಳೆ. ಎರಡು ತಿಂಗಳು ಕೂತು ಕಲಿಸುವವನು ಮಾಸ್ತರ, ಅವನು ಗಂಡಸೇ. ಇವರಿಗೆ ಮಾಸ್ತರಿಕೆ ಬೇಕಾಗಿತ್ತು. ವಯಸ್ಸು ನಲವತ್ತು ದಾಟಿತ್ತು. "ಬಣ್ಣ ಇನ್ನ ನಾಕ ವರ್ಷ ನಡೀತದ. ಮಾಸ್ತರಿಕಿ ಸಾಯೋತನಕ ನಡೀತದ್ರೀ," ಎಂದು ನನ್ನ ಹತ್ತಿರ ಒಮ್ಮೆ ಅಂದಿದ್ದರು. ಆದರೆ ಹೊಟ್ಟೆಪಾಡು ಅರ್ಧ ಮಾತ್ರ. ಪಾತ್ರ ಮಾಡುವುದಕ್ಕಿಂತ ಮಾಡಿಸುವುದೇ ಅವರಿಗೆ ಹೆಚ್ಚು ರುಚಿಸುತ್ತಿತ್ತು.

ಒಮ್ಮೆ ಯಾಪಲದಿನ್ನಿಯವರು ಹೇಗೋ ಒಪ್ಪಿ ಮಾಸ್ತರಿಕೆಗೆ ಕರೆದರು. ನಾಟಕದ ದಿನ ತಾಯಿಯ ಪಾತ್ರದವಳು ಬರಲಿಲ್ಲವೆಂದು ಇವರೇ ಬಣ್ಣ ಹಚ್ಚಿದರು. ಊರು ಹುಚ್ಚೆದ್ದು ಕುಣಿಯಿತು. ಕಲಿಸಿದ ಹೆಸರು ಮಾತ್ರ ಹಾರ್ಮೋನಿಯಂ ನುಡಿಸಿದವನಿಗೆ ಹೋಯಿತು. ಮರುವರ್ಷ ಅದೇ ಊರಿನಿಂದ ಪಾತ್ರಕ್ಕೆ ಬರ್ರಿ ಎಂದು ಹೇಳಿಕಳಿಸಿದರು, ಮಾಸ್ತರಿಕೆ ಬೇರೊಬ್ಬನಿಗೆ.

ಆಮೇಲೆ ನಾನು ನಮ್ಮೂರ ಹಿರಿಯರ ಬೆನ್ನು ಬಿದ್ದು ಅವರನ್ನು ಮಸರಕಲ್ಲಿಗೆ ಕರೆಸಿದೆ. ಬಣ್ಣ ಹಚ್ಚುವುದಿಲ್ಲ ಎಂದು ಅವರು ಮೊದಲೇ ಹೇಳಿ ಬಂದರು. ತಾಲೀಮಿನಲ್ಲಿ ನಮ್ಮ ಕಡೆ ಬೆನ್ನು ಮಾಡಿ, ಮಂಡಾಳ ಒಗ್ಗರಣೆ ತಿನ್ನುತ್ತ ಕೂಡುತ್ತಿದ್ದರು. ಹುಡುಗರು ಇದು ಅವಮಾನವೆಂದು ಗುರುಗುಟ್ಟಿದರು. ಅವರು ಕಿವಿಯಿಂದ ನೋಡುತ್ತಾರೆ ಎಂದು ತಿಳಿಯಲು ಒಂದು ವಾರ ಹಿಡಿಯಿತು. ನಾಯಕನ ಪಾತ್ರದವನು ಹೊಲದಲ್ಲಿ ದುಡಿಯುವವನು, ಏನು ಹೇಳಿದರೂ ಹೊಳೆಯ ಆಚೆ ದಂಡೆಯವರನ್ನು ಕರೆದಂತೆ ಒದರುತ್ತಿದ್ದ. ಅವನ ಹೆಗಲಿಗೆ ಜೋಳದ ಚೀಲ ಹೊರಿಸಿ ಮಾತು ಹೇಳಿಸಿದರು. ಉಸಿರು ಸಾಲದೆ ಅವನು ಮೊದಲ ಸಲ ಮನುಷ್ಯರಂತೆ ಮಾತಾಡಿದ. "ಇಷ್ಟ ಸಾಕು. ಉಳಿದದ್ದು ಮಂದಿ ಮಾಡಿಕೊಳ್ತಾರ," ಎಂದರು. ಯಾರಿಗೂ ತಾವು ಮಾಡಿ ತೋರಿಸಲಿಲ್ಲ. ತೋರಿಸಿದರೆ ನನ್ನ ನಕಲು ಹೊಡೀತೀರಿ ಎನ್ನುತ್ತಿದ್ದರು. ಹಾಗಾಗಿ ಅವರ ಕೈಚಳಕ ನಮ್ಮೂರಲ್ಲಿ ನನ್ನೊಬ್ಬನಿಗೆ ಗೊತ್ತಿತ್ತು.

ನಾಟಕದ ದಿನ ಸಂಜೆ ಬಸ್ಸಿನ ಕಂಡಕ್ಟರ್ ಸುದ್ದಿ ತಂದ: ನಾಯಕನ ತಾಯಿಯಾಗಬೇಕಿದ್ದ ಬಾಯಿ ಜ್ವರ ಬಂದು ಮಾನ್ವಿಯಲ್ಲಿ ಮಲಗಿದ್ದಾಳೆ. ಆಗಲೇ ಜನ ಚಾಪೆ ಹಾಸಿ ಜಾಗ ಹಿಡಿದಿದ್ದರು. ಹಿರಿಯರು ಬಂದು, ಯವ್ವಾ, ನೀನೇ ನಿಲ್ಲಬೇಕು ಎಂದರು. ಅದನ್ನು ಕೇಳಿ ಅವರು ಒಳಗೆ ಬಂದು ನನ್ನ ಮುಂದೆ ಕೂತರು.

"ನಿಲ್ಲಲಿಲ್ಲಂದ್ರ ಹುಡುಗರ ದುಡಿತ ಹೋಗ್ತದ. ನಿಂತು ಮಾಡಿದೆ ಅಂದ್ರ ನಾಳಿಂದ ಮತ್ತ ನಾ ಬಣ್ಣದ ಬಾಯೀನ," ಎಂದರು. ಆಮೇಲೆ ಕನ್ನಡಿ ಕೇಳಿದರು.

ನಾನು ಡೇರೆಯಲ್ಲಿ ನೋಡಿದ ಆ ಬೆನ್ನು ಇವತ್ತು ನಮ್ಮೂರಿಗೂ ಸಿಗುತ್ತದೆ ಎಂದು ಪರದೆಯ ಮರೆಯಲ್ಲಿ ಹಿಗ್ಗಿ ನಿಂತಿದ್ದೆ. ಆದರೆ ಪರದೆ ಎದ್ದಾಗಿನಿಂದ ಏನೋ ಸರಿಯಿರಲಿಲ್ಲ. ಮಾತು ಒಂದೇ ಮಟ್ಟದಲ್ಲಿ, ಪಾಠ ಒಪ್ಪಿಸಿದಂತೆ. ದೀಪದ ಕೆಳಗಿನ ಜಾಗವನ್ನು ಹುಡುಗರಿಗೆ ಬಿಟ್ಟು ತಾವು ಪಕ್ಕಕ್ಕೆ ಸರಿಯುತ್ತಿದ್ದರು. ದಣಿದಿರಬೇಕು ಎಂದುಕೊಂಡೆ. ತಮ್ಮ ಸತ್ತನೆಂದು ನಾಯಕ ಬಂದು ಹೇಳುವ ಘಟ್ಟ ಬಂತು. ಅವರು ಜನರ ಕಡೆಗೇ ತಿರುಗಿ, ಸೆರಗು ಬಾಯಿಗೆ ಒತ್ತಿ, ಊರೂರಿನ ಬಾಯಿಯರು ಅಳುವಂತೆ ಹೋ ಎಂದು ಅತ್ತರು. ಯಾರ ಕಣ್ಣೂ ಒದ್ದೆಯಾಗಲಿಲ್ಲ. ಆಗ ನಾಯಕ ಅವರ ಕಾಲ ಬಳಿ ಕೂತು ಮೆಲ್ಲಗೆ ಎರಡು ಮಾತು ಹೇಳಿದ. ಚೀಲ ಹೊತ್ತು ಕಲಿತ ದನಿ ಅದು. ಇಡೀ ಬಯಲು ಗಪ್ಪಾಯಿತು. ಅವನ ಅವ್ವ ಚಾಪೆಯ ಮೇಲೆ ಕೂತಲ್ಲೇ ಬಿಕ್ಕಿದಳು.

ಅವರು ತಮ್ಮ ಪಾತ್ರವನ್ನು ಬೇಕೆಂದೇ ಕೆಡಿಸುತ್ತಿದ್ದಾರೆಂದು ನನಗೆ ಆಗ ಹೊಳೆಯಿತು. ನನಗೆ ಸಂಕಟವಾಯಿತು, ಸಿಟ್ಟೂ ಬಂತು. ಅಂಥ ವಿದ್ಯೆಯನ್ನು ಕೈಯಾರೆ ಹೂಳುವುದನ್ನು ಅಷ್ಟು ಹತ್ತಿರದಿಂದ ನೋಡಬಾರದು.

ಬೆಳಿಗ್ಗೆ ಊರೆಲ್ಲ ಒಂದೇ ಮಾತು. ತಾಯಿ ಪಾತ್ರ ಸಪ್ಪಗಾತು, ಆದರೆ ನಮ್ಮ ಹುಡುಗರನ್ನು ಹೆಂಗ ತಿದ್ದ್ಯಾಳಲ್ಲ ಆಕಿ ಅಂತ. ಬಸ್ಸಿಗೆ ಕಳಿಸಲು ಹೋದವನು ನಾನು. ಎಣ್ಣೆ ಹಚ್ಚಿ ಒರೆಸಿದ ಮುಖದಲ್ಲಿ ಕಣ್ಣು ಕೆಂಪಗಿದ್ದವು. ಏನಾದರೂ ಕೇಳಬೇಕೆಂದು ನಾನು ಬಾಯಿ ತೆರೆಯುವ ಮೊದಲೇ, "ನಿಮಗೊಬ್ಬರಿಗೆ ಗೊತ್ತಾಗ್ಯದ. ಅಲ್ಲೇ ಇರಲಿ," ಎಂದರು.

ಮರುವರ್ಷ ಬಾಗಲವಾಡದವರು ಮಾಸ್ತರಿಕೆಗೆ ಕರೆದರು, ಆಮೇಲೆ ಯಾಪಲದಿನ್ನಿಯವರೂ, ಆಕೆಯ ಬಣ್ಣದ ಕಾಲ ಮುಗಿಯಿತು ಎಂದುಕೊಂಡು. ಸುತ್ತಿನ ಹಳ್ಳಿಗಳಲ್ಲಿ ಅವರನ್ನು ಬಾಯಿ ಎನ್ನುವುದು ನಿಂತು, ಮಾಸ್ತರ ಎಂದೇ ಆಯಿತು. ಪಾತ್ರ ಮಾಡ್ರಿ ಎಂದು ಮತ್ತೆ ಯಾರೂ ಕೇಳಲಿಲ್ಲ. ಮಸರಕಲ್ಲಿನ ಸುದ್ದಿ ಅಷ್ಟರಲ್ಲಿ ಎಲ್ಲ ಕಡೆ ಮುಟ್ಟಿತ್ತು. ಒಂದೊಂದು ಸಲ ರಾಯಚೂರಲ್ಲಿ ಅವರ ಕೋಣೆಗೆ ಹೋದಾಗ, ಚಹಾ ಬಸಿಗೆ ಸುರುವುತ್ತ ಕಂಪನಿ ನಾಟಕದ ಯಾವುದೋ ಮಾತನ್ನು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ನಾನು ತಲೆ ಎತ್ತಿದರೆ ನಿಲ್ಲಿಸುತ್ತಿದ್ದರು.

ಎಂಬತ್ತರ ದಶಕದ ಕೊನೆಗೆ ಅದೇ ಕೋಣೆಯಲ್ಲಿ ತೀರಿಕೊಂಡರು. ಟೇಲರ್ ಮನೆಯವರು ಸ್ವಂತದವರಂತೆ ಓಡಾಡಿದರು. ಹಳ್ಳಿಗಳಿಂದ ಅವರ ಶಿಷ್ಯರು ಟ್ರ್ಯಾಕ್ಟರ್ ಮಾಡಿಕೊಂಡು ಬಂದರು. ಅಷ್ಟು ಜನ ಬರುತ್ತಾರೆಂದು ಓಣಿಯವರು ಎಣಿಸಿರಲಿಲ್ಲ. ಹೆಗಲು ಕೊಟ್ಟವರಲ್ಲಿ ನಮ್ಮ ನಾಯಕನೂ ಇದ್ದ. ಅವನ ಮೀಸೆ ಬೆಳ್ಳಗಾಗತೊಡಗಿತ್ತು. ಮಣ್ಣು ಮಾಡಿ ಬರುವಾಗ ದಾರಿಯುದ್ದಕ್ಕೂ ಅಳುತ್ತಲೇ ಇದ್ದ.

"ಮಾಸ್ತರಂದ್ರ ಹಿಂಗಿರಬೇಕು ನೋಡ್ರಿ," ಎಂದ. "ಪಾತ್ರ ಒಂದು ಬರ್ತಿದ್ದಿಲ್ಲ ಆಕಿಗೆ, ಪಾಪ."

ನಾನು ಹೌದು ಎಂದೆ.